ಎಸ್‌ಎಂಎಸ್‌ಗೆ ಆಯುಷ್ಯ ಎಷ್ಟು? ಸಂಪ್ ಅಲರ್ಟ್ ಮರುದಿನ ಬೆಳಗ್ಗೆ ಬರೋದನ್ನ ತಡೆಯೋದು ಹೇಗೆ?

ವಾಕಡ್ ನೀರು ಸಮಿತಿ

ಎಲ್ಲರಿಗೂ ನಮಸ್ಕಾರ. ಪುಣೆ ವಾಕಡ್‌ನ ಒಂದು ಸೊಸೈಟಿಯ ನೆಲಮಾಳಿಗೆ ಸಂಪ್‌ಗೆ ಲೆವೆಲ್ ಸೆನ್ಸರ್ ಇದೆ, ಅದಕ್ಕೊಂದು ಸಿಮ್800 ಮೋಡೆಮ್ (ಸಿಮ್ ಹಾಕಿ ಎಸ್‌ಎಂಎಸ್ ಕಳಿಸೋ ಚಿಕ್ಕ ಬೋರ್ಡ್). ನೀರು ಶೇ. 20ಕ್ಕೆ ಇಳಿದರೆ ಎರಡು ಎಸ್‌ಎಂಎಸ್ ಹೋಗುತ್ತೆ: ಟ್ಯಾಂಕರ್‌ನವರಿಗೆ ಇಂಗ್ಲಿಷ್‌ನಲ್ಲಿ, ವಾಚ್‌ಮನ್‌ಗೆ ಕನ್ನಡದಲ್ಲಿ (ಕಲಬುರಗಿ ಕಡೆಯವರು, ಕೀಪ್ಯಾಡ್ ಫೋನ್). ಅರ್ಧ ಗಂಟೆ ದಾಟಿದರೆ ಈ ಸುದ್ದಿಯಿಂದ ಉಪಯೋಗ ಇಲ್ಲ, ಬದಲಿಗೆ ನಷ್ಟ. ಸಂಪ್ ತುಂಬಿದ ಮೇಲೆ ಹಳೇ ಮೆಸೇಜ್ ನೋಡಿ ಇನ್ನೊಂದು ಟ್ಯಾಂಕರ್ ಬಂದು ನಿಲ್ಲುತ್ತೆ.

ಮೋಡೆಮ್‌ಗೆ ಕೊಡೋ ಎಟಿ ಆದೇಶದಲ್ಲಿ ಇಂಗ್ಲಿಷ್ ಮೆಸೇಜ್‌ಗೆ ಎಟಿ+ಸಿಎಸ್‌ಎಂಪಿ=17,30,0,0 ಇದೆ, ಕನ್ನಡದ್ದಕ್ಕೆ ಎಟಿ+ಸಿಎಸ್‌ಎಂಪಿ=1,30,0,8. 30 ಅಂದರೆ 30 ನಿಮಿಷ ಅನ್ನೋ ಲೆಕ್ಕ. ರಾತ್ರಿ 11:40ಕ್ಕೆ ಹೋದ ಅಲರ್ಟ್ ಟ್ಯಾಂಕರ್‌ನವರಿಗೆ 1:50ಕ್ಕೆ ಸಿಕ್ಕಿದೆ, ವಾಚ್‌ಮನ್‌ಗೆ ಬೆಳಗ್ಗೆ 8:20ಕ್ಕೆ. 30 ನಿಮಿಷ ಕೊಟ್ಟ ಮೇಲೂ ನೆಟ್‌ವರ್ಕ್ ಯಾಕೆ ಇಟ್ಟುಕೊಂಡು ಕೂತಿತ್ತು? ಈ ಆಯುಷ್ಯವನ್ನ ನಿರ್ಧರಿಸೋದು ಯಾರು: ನನ್ನ ಮೋಡೆಮ್, ನನ್ನ ಕಂಪನಿ, ಅಥವಾ ಅವರ ಕಂಪನಿ?

ಮಾಟುಂಗಾ ಮೋಡೆಮ್

ನೀವು ಬರೆದ ಎರಡು ಸಾಲಿನಲ್ಲೇ ಎರಡು ಬೇರೆ ಬೇರೆ ತಪ್ಪುಗಳಿವೆ. ನೆಟ್‌ವರ್ಕ್ ನೀವು ಹೇಳಿದ್ದನ್ನೇ ಮಾಡಿದೆ.

ಎರಡನೇ ಅಂಕಿ ನಿಮಿಷ ಅಲ್ಲ, ಒಂದು ಸಂಕೇತ. ಮೊಬೈಲ್ ಮಾನದಂಡ ರೂಪಿಸುವ 3ಜಿಪಿಪಿ ಸಂಸ್ಥೆಯ 23.040 ದಾಖಲೆ ನಿರ್ದಿಷ್ಟಪಡಿಸಿದ ಲೆಕ್ಕ ಹೀಗಿದೆ. 0ಯಿಂದ 143ರವರೆಗೆ: ಅಂಕಿಗೆ 1 ಕೂಡಿಸಿ 5 ನಿಮಿಷದಿಂದ ಗುಣಿಸಬೇಕು. 144ರಿಂದ 167ರವರೆಗೆ: 12 ಗಂಟೆ, ಅದರ ಮೇಲೆ 143 ಕಳೆದು ಉಳಿದದ್ದಕ್ಕೆ ಅರ್ಧರ್ಧ ಗಂಟೆ. 168ರಿಂದ 196: 166 ಕಳೆದರೆ ಎಷ್ಟೋ ಅಷ್ಟು ದಿನ. 197ರಿಂದ 255: 192 ಕಳೆದರೆ ಎಷ್ಟೋ ಅಷ್ಟು ವಾರ. ಅಂದರೆ 0 ಎಂದರೆ 5 ನಿಮಿಷ, 11 ಎಂದರೆ 1 ಗಂಟೆ, 71 ಎಂದರೆ 6 ಗಂಟೆ, 143 ಎಂದರೆ 12 ಗಂಟೆ, 167 ಎಂದರೆ 24 ಗಂಟೆ, 173 ಎಂದರೆ 7 ದಿನ, 255 ಎಂದರೆ 63 ವಾರ.

ನಿಮ್ಮ 30ಕ್ಕೆ 31 ಗುಣಿಸು 5, ಒಟ್ಟು 155 ನಿಮಿಷ, ಅಂದರೆ 2 ಗಂಟೆ 35 ನಿಮಿಷ. 11:40ರ ಮೆಸೇಜು 2:15ರವರೆಗೆ ಬದುಕಿತ್ತು, 1:50ಕ್ಕೆ ತಲುಪಿದ್ದು ಸರಿಯಾಗಿಯೇ ಇದೆ. 30 ನಿಮಿಷ ಬೇಕಿದ್ದರೆ 5 ಬರೆಯಬೇಕು.

ಕನ್ನಡದ ಸಾಲಿನ ತಪ್ಪು ಇನ್ನೂ ಆಳದ್ದು. ಮೊದಲ ಅಂಕಿಯಲ್ಲಿ ಮೆಸೇಜಿನ ತಲೆಬರಹದ ಬಿಟ್‌ಗಳು ಇರುತ್ತವೆ. ಸಬ್ಮಿಟ್ (ಕಳಿಸು) ಅನ್ನುವುದಕ್ಕೆ 1. ಅದರ ಜೊತೆಗೆ 16 ಸೇರಿದರೆ (17) ‘ವ್ಯಾಲಿಡಿಟಿ (ಆಯುಷ್ಯ) ಇದೆ, ಈ ಹೊತ್ತಿನಿಂದ ಲೆಕ್ಕ’ ಎಂದರ್ಥ. 24 ಸೇರಿದರೆ (25) ‘ವ್ಯಾಲಿಡಿಟಿ ಇದೆ, ಇಂಥ ದಿನಾಂಕ ಇಂಥ ಗಂಟೆಯವರೆಗೆ’. 8 ಸೇರಿದರೆ (9) ಸುಧಾರಿತ ಮಾದರಿ, ಅದರಲ್ಲಿ ಸೆಕೆಂಡಿನ ಲೆಕ್ಕದಲ್ಲೂ ಕೊಡಬಹುದು, ‘ಒಂದೇ ಸಲ ಪ್ರಯತ್ನಿಸು’ ಎಂದೂ ಹೇಳಬಹುದು. ಇದನ್ನು ಒಪ್ಪದ ಎಸ್‌ಎಂಎಸ್ ಕೇಂದ್ರಗಳಿರುತ್ತವೆ (ಮೆಸೇಜ್ ಇಟ್ಟುಕೊಂಡು ತಲುಪಿಸುವ, ಮೊಬೈಲ್ ಕಂಪನಿಯ ವ್ಯವಸ್ಥೆ), ಹಾಗಾಗಿ ಅದನ್ನು ನಂಬಿ ಕೂರಬೇಡಿ. ಬರೀ 1 ಬರೆದರೆ ‘ವ್ಯಾಲಿಡಿಟಿ ಇಲ್ಲ’. ಪಕ್ಕದಲ್ಲಿ ನೀವು 30 ಬರೆದರೂ 5 ಬರೆದರೂ ಅದು ಮೆಸೇಜಿನೊಳಗೆ ಹೋಗುವುದೇ ಇಲ್ಲ. ಆಗ ಎಸ್‌ಎಂಎಸ್ ಕೇಂದ್ರ ತನ್ನದೇ ಡೀಫಾಲ್ಟ್ ಅವಧಿ ಹಾಕಿಕೊಳ್ಳುತ್ತದೆ. ಬೆಳಗ್ಗೆ 8:20ರ ಗುಟ್ಟು ಇಷ್ಟೇ.

ಹೀಗೆ ಬದಲಾಯಿಸಿ:

ಎಟಿ+ಸಿಎಸ್‌ಎಂಪಿ=49,5,0,0 (ಇಂಗ್ಲಿಷ್)
ಎಟಿ+ಸಿಎಸ್‌ಎಂಪಿ=49,5,0,8 (ಕನ್ನಡ)

17ಕ್ಕೆ 32 ಸೇರಿಸಿದರೆ 49. ಆ 32 ಡೆಲಿವರಿ ವರದಿ ಕೇಳುತ್ತದೆ. ಅದು ಬೇಕೇ ಬೇಕು, ಆ ಬಗ್ಗೆ ಮುಂದೆ ಬರೆಯುತ್ತೇನೆ.

ಘಾಟಿನ ಟವರ್

ಯಾರು ನಿರ್ಧಾರ ಮಾಡ್ತಾರ ಅನ್ನೋ ಪ್ರಶ್ನೆಗೆ ಉತ್ತರ ನಾ ಹೇಳ್ತೀನ್ರಿ. ಇದರಾಗ ಭಾಳ ಮಂದಿ ತಪ್ಪು ತಿಳಕೊಂಡಾರ.

ಮೆಸೇಜ್ ಟವರ್‌ನಾಗ ಇರೂದಿಲ್ಲ, ತಗೊಳ್ಳೋರ ಕಂಪನಿಯಾಗೂ ಕಾಯ್ದು ಕೂಡೂದಿಲ್ಲ. ಕಳಿಸಿದವರ ಕಂಪನಿಯ ಎಸ್‌ಎಂಎಸ್‌ಸಿ (ಮ್ಯಾಲೆ ಹೇಳಿದ ಎಸ್‌ಎಂಎಸ್ ಕೇಂದ್ರ) ಅದನ್ನ ಇಟಗೊಂಡಿರತೈತಿ. ಅದು ತಗೊಳ್ಳೋರ ಹೋಮ್ ರಿಜಿಸ್ಟರ್ ಎಚ್‌ಎಲ್‌ಆರ್‌ಗೆ (ಯಾವ ನಂಬರ್ ಎಲ್ಲೈತಿ ಅಂತ ಬರದಿಡೋ ದಾಖಲಿ) ‘ಈ ನಂಬರ್ ಈಗ ಯಾವ ಎಂಎಸ್‌ಸಿ (ಆ ಏರಿಯಾದ ಸ್ವಿಚಿಂಗ್ ಕೇಂದ್ರ) ಕೈಯಾಗ ಐತಿ?’ ಅಂತ ಕೇಳತೈತಿ, ಉತ್ತರ ಬಂದ ಮ್ಯಾಲೆ ಸೀದಾ ಆ ಎಂಎಸ್‌ಸಿಗೆ ಮೆಸೇಜ್ ಕಳಸತೈತಿ. ಎಂಎಸ್‌ಸಿ ಫೋನನ್ನ ಕೂಗತೈತಿ, ಅಂದ್ರ ಪೇಜಿಂಗ್. ಫೋನ್ ಓಗೊಟ್ರ ಮೆಸೇಜ್ ತಲುಪತೈತಿ. ಕೆಲವು ಕಂಪನಿಗಳು ನಡುವ ತಮ್ಮ ಹೋಮ್ ರೂಟರ್ (ಬರೋ ಮೆಸೇಜ್ ಮೊದಲು ತಾನೇ ತಗೊಂಡು ಮುಂದ ಕಳಸೋದು, ಮನಿ ವೈಫೈ ರೂಟರ್ ಅಲ್ಲ) ಇಟ್ಟಿರತಾವ, ಅಂಥಲ್ಲಿ ಒಂದು ಹೆಜ್ಜಿ ಹೆಚ್ಚು. ಅದಕ್ಕ ಆಯುಷ್ಯ ನಿಮ್ಮ ಮೋಡೆಮ್ ಕೇಳೋದು, ಅದನ್ನ ಒಪ್ಪೋದು ಅಥವಾ ಕಡಿಮಿ ಮಾಡೋದು ನಿಮ್ಮ ಸಿಮ್ ಕಂಪನಿಯ ಎಸ್‌ಎಂಎಸ್‌ಸಿ. 63 ವಾರ ಕೇಳಿದ್ರ ಕೊಡಬೇಕಂತ ಅದರ ಮ್ಯಾಲೆ ಯಾವ ಕಟ್ಟಳಿನೂ ಇಲ್ಲ.

ಈಗ ವಾಚ್‌ಮನ್ ಫೋನ್ ವಿಷಯ. ಫೋನ್ ಸ್ವಿಚ್ ಆಫ್ ಮಾಡಿದ್ರ ಅದು ಹೋಗೋ ಮುಂದ ‘ನಾ ಹೊಂಟೆ’ ಅಂತ ನೆಟ್‌ವರ್ಕ್‌ಗೆ ಹೇಳಿ ಹೋಗತೈತಿ. ಬ್ಯಾಟರಿ ಕಿತ್ತರ, ಇಲ್ಲಾ ನೆಲಮಾಳಿಗ್ಯಾಗ ಸಿಗ್ನಲ್ ಸತ್ತರ, ಹೇಳೂದಿಲ್ಲ. ನೆಟ್‌ವರ್ಕ್ ಅದು ಅಲ್ಲೇ ಐತಿ ಅಂತ ತಿಳಕೊಂಡು ಕೂಗತೈತಿ, ಉತ್ತರ ಬರೂದಿಲ್ಲ. ಎರಡೂ ಕಡೆ ಎಚ್‌ಎಲ್‌ಆರ್‌ನಾಗ ‘ಈ ಫೋನ್ ಸಿಗವಲ್ದು’ ಅಂತ ಒಂದು ಗುರುತು ಬೀಳತೈತಿ, ಜೋಡಿಗೆ ‘ಸಿಕ್ಕ ಕೂಡ್ಲೆ ಈ ಎಸ್‌ಎಂಎಸ್‌ಸಿಗೆ ಹೇಳು’ ಅಂತ ಅದರ ವಿಳಾಸ ಬರಕೋತೈತಿ.

ಇಲ್ಲೇ ನೋಡ್ರಿ ಸೂಕ್ಷ್ಮ. ವಾಚ್‌ಮನ್ ಪಂಪ್ ರೂಮಿನಿಂದ ಮ್ಯಾಲೆ ಬಂದ್ರು, ಫೋನಿನಾಗ ನಾಕು ಕಡ್ಡಿ ಸಿಗ್ನಲ್ ಬಂತು. ಆದ್ರ ಅದೇ ಏರಿಯಾ, ಅದೇ ಲೊಕೇಶನ್ ಕೋಡ್. ಫೋನ್ ನೆಟ್‌ವರ್ಕ್‌ಗೆ ಏನೂ ಹೇಳಬೇಕಾಗಿಲ್ಲ, ಸುಮ್ನ ಇರತೈತಿ. ಅದು ಬಾಯಿ ಬಿಡೂತನಾ ಎಚ್‌ಎಲ್‌ಆರ್‌ನ ಗುರುತು ಅಳಸೂದಿಲ್ಲ. ಮೆಸೇಜ್ ಬರಬೇಕಂದ್ರ ಮೂರೇ ದಾರಿ: ಫೋನಿನ ನಿಯತ ಹಾಜರಿಯ (ಆಗಾಗ ‘ನಾ ಇಲ್ಲೇ ಅದೀನಿ’ ಅಂತ ನೆಟ್‌ವರ್ಕ್‌ಗೆ ತಾನಾಗೇ ಹೇಳೋದು) ಹೊತ್ತು ಬರಬೇಕು; ಯಾರಾದ್ರೂ ಕಾಲ್ ಮಾಡಬೇಕು, ಇಲ್ಲಾ ಅವರೇ ಮಾಡಬೇಕು; ಅಥವಾ ಎಸ್‌ಎಂಎಸ್‌ಸಿ ತನ್ನ ಮರುಪ್ರಯತ್ನದ ಹೊತ್ತಿಗೆ ಮತ್ತ ನೋಡಬೇಕು. 2ಜಿಯಾಗ ಆ ಹಾಜರಿಯ ಟೈಮರ್ ಟಿ3212, ಒಂದು ಎಣಿಕೆಗೆ 6 ನಿಮಿಷ, ಎಷ್ಟು ಎಣಿಕೆ ಅನ್ನೋದನ್ನ ಕಂಪನಿ ಇಡತೈತಿ, ಹೆಚ್ಚಂದ್ರ 25 ತಾಸು 30 ನಿಮಿಷ.

ಏರೋಪ್ಲೇನ್ ಮೋಡ್ ಹಾಕಿ ತಗದ್ರ ತಡೆದ ಮೆಸೇಜ್ ಎಲ್ಲಾ ದಬದಬ ಬರೋದು ಇದಕ್ಕ. ಫೋನ್ ಹೊಸದಾಗಿ ಹಾಜರಿ ಹಾಕತೈತಿ, ಎಚ್‌ಎಲ್‌ಆರ್ ಎಸ್‌ಎಂಎಸ್‌ಸಿಗೆ ಅಲರ್ಟ್ ಕೊಡತೈತಿ, ಸಾಲಾಗಿ ನಿಂತದ್ದೆಲ್ಲಾ ಹರೀತೈತಿ. ಸ್ಮಾರ್ಟ್‌ಫೋನ್‌ನಾಗ ಇಂಟರ್ನೆಟ್ ಸದಾ ಚಾಲೂ ಇರೋದ್ರಿಂದ ಫೋನ್ ಪದೇ ಪದೇ ಮಾತಾಡಿಕೋತ ಇರತೈತಿ, ತ್ರಾಸು ಕಡಿಮಿ. ಕೀಪ್ಯಾಡ್ ಫೋನ್ ಗಪ್‌ಚಿಪ್ ಇರತೈತಿ.

ವಾಕಡ್ ನೀರು ಸಮಿತಿ

ಈಗ ಅರ್ಥ ಆಯ್ತು. ವಾಚ್‌ಮನ್ ರಾತ್ರಿ ಪಂಪ್ ರೂಮ್ ಪಕ್ಕದಲ್ಲೇ ಕೂರ್ತಾರೆ, ಅಲ್ಲಿ ಸಿಗ್ನಲ್ ಇಲ್ಲ. ಹಾಗಾದರೆ ಎಸ್‌ಎಂಎಸ್ ಹೋದ ಮೇಲೆ ಮೋಡೆಮ್‌ನಿಂದ ಒಂದು ಮಿಸ್ಡ್ ಕಾಲ್ ಕೊಟ್ಟರೆ?

ಘಾಟಿನ ಟವರ್

ಛಲೋ ಉಪಾಯ. ಕಾಲ್ ಹೋಗಿ ರಿಂಗ್ ಆಯ್ತಂದ್ರ ಫೋನ್ ನೆಟ್‌ವರ್ಕ್ ಜೋಡಿ ಮಾತಾಡೇತಿ ಅಂತ ಅರ್ಥ, ಸಿಗವಲ್ದು ಅನ್ನೋ ಗುರುತು ಅಳಸತೈತಿ, ಮೆಸೇಜ್ ಬೆನ್ನಿಗೇ ಬರತೈತಿ. ಕಾಲ್ ಹೋಗಲಿಲ್ಲಂದ್ರ ಅವರು ಇನ್ನೂ ಕೆಳಗ ಅದಾರ. ಆದ್ರ ಒಂದು ಮಾತು ಖಂಡಿತ ಹೇಳ್ತೀನಿ: ಸಿಗ್ನಲ್ ಇಲ್ಲದ ಜಾಗಾಕ್ಕ ಎಸ್‌ಎಂಎಸ್ ಅಲರ್ಟ್ ಇಡೋದೇ ತಪ್ಪು ವಿನ್ಯಾಸ. ಪಂಪ್ ರೂಮಿನಾಗ ಒಂದು ತಂತಿ ಬಜರ್ ಹಾಕ್ರಿ. ಎಸ್‌ಎಂಎಸ್ ಎರಡನೇ ಸಾಲಿನ್ಯಾಗ ಇರ್ಲಿ.

ಇನ್ನೊಂದು. ಆಯುಷ್ಯ ಸಣ್ಣದು ಮಾಡಿದಷ್ಟೂ ಪ್ರಯತ್ನಗಳೂ ಕಡಿಮಿ ಆಗತಾವ. ಎಸ್‌ಎಂಎಸ್‌ಸಿಯ ಮರುಪ್ರಯತ್ನ ಮೊದಲಿಗೆ ಹತ್ರ ಹತ್ರ ಇರತೈತಿ, ಆಮ್ಯಾಲೆ ದೂರ ದೂರ. ಯಾವ ಕಾರಣಕ್ಕ ತಪ್ಪಿತು ಅನ್ನೋದರ ಮ್ಯಾಲೂ ಅದು ಬ್ಯಾರೆ ಬ್ಯಾರೆ. 10 ನಿಮಿಷ ಆಯುಷ್ಯ ಕೊಟ್ಟು, ಮುಂದಿನ ಪ್ರಯತ್ನ 15 ನಿಮಿಷಕ್ಕ ಇದ್ರ, ಎರಡನೇ ಅವಕಾಶನೇ ಇಲ್ಲ, ಮೆಸೇಜ್ ಸತ್ತುಹೋಗತೈತಿ. ನಿಮಗ ಹಳೇ ಸುದ್ದಿ ಬ್ಯಾಡ, ಅದಕ್ಕ 30 ನಿಮಿಷ ಸರಿ. ಬಿಲ್ ಕಟ್ಟೋ ನೆನಪಿನ ಮೆಸೇಜ್ ಆದ್ರ ಎರಡು ದಿನ ಕೊಡಬೇಕು.

ಕುರ್ಲಾ ಬೇಸ್‌ಬ್ಯಾಂಡ್

ಡೀಫಾಲ್ಟ್ ಅವಧಿ 72 ಗಂಟೆ, ಎಲ್ಲ ಕಂಪನಿಗೂ ಅಷ್ಟೇ. ಇದರಲ್ಲಿ ಇಷ್ಟು ಚರ್ಚೆ ಏನಕ್ಕೆ?

ಮಾಟುಂಗಾ ಮೋಡೆಮ್

ಹಾಗೆ ಒಂದು ಅಂಕಿ ಎಲ್ಲರಿಗೂ ಅನ್ವಯಿಸುವುದಿಲ್ಲ ಮಾರಾಯ್ರೆ. ಮಾನದಂಡ ಆ ನಿರ್ಧಾರವನ್ನು ಕಂಪನಿಗೆ ಬಿಟ್ಟಿದೆ. 24, 48, 72 ಎಂದು ಕೇಳಿದ ಅಂಕಿಯನ್ನು ಕೋಡಿನಲ್ಲಿ ಬರೆದು ಕೂರುವುದರಿಂದಲೇ ಇಂಥ ಟ್ಯಾಂಕರ್ ತಾಪತ್ರಯ ಆಗುವುದು. ಅಳೆಯುವುದು ಕಷ್ಟವೂ ಅಲ್ಲ, ನಿಮ್ಮ ಸಿಮ್‌ನಲ್ಲೇ ಅಳೆಯಿರಿ.

ಒಂದು ಬೇಡದ ಸಿಮ್ ಇರುವ ಫೋನನ್ನು ಸ್ವಿಚ್ ಆಫ್ ಮಾಡಿ ಪಕ್ಕಕ್ಕಿಡಿ. ಮೋಡೆಮ್‌ನಲ್ಲಿ ಎಟಿ+ಸಿಎನ್‌ಎಂಐ=2,1,0,1,0 ಕೊಡಿ, ಇದರಿಂದ ಡೆಲಿವರಿ ವರದಿ ಸೀದಾ ಸೀರಿಯಲ್ ಪೋರ್ಟಿಗೆ ಬರುತ್ತದೆ. ಆಮೇಲೆ ಆ ನಂಬರಿಗೆ ಮೂರು ಮೆಸೇಜ್: ಮೊದಲ ಅಂಕಿ 33 (ವರದಿ ಬೇಕು, ವ್ಯಾಲಿಡಿಟಿ ಇಲ್ಲ), ಇನ್ನೊಂದು 49,5, ಮತ್ತೊಂದು 49,255. ಫೋನನ್ನು ಆನ್ ಮಾಡಬೇಡಿ, ಕಾಯಿರಿ. 49,5ರ ವರದಿ ಅರ್ಧ ಗಂಟೆಯ ಆಸುಪಾಸಿನಲ್ಲಿ ಬರಬೇಕು. ಮೊದಲನೆಯದು ಬಂದ ಹೊತ್ತು ನಿಮ್ಮ ಕಂಪನಿಯ ಡೀಫಾಲ್ಟ್, ಕೊನೆಯದು ಬಂದ ಹೊತ್ತು ಅದರ ಗರಿಷ್ಠ ಮಿತಿ. ಮೋಡೆಮ್ ಅಷ್ಟು ದಿನ ಆನ್ ಇರಲಿ. ವರದಿಯೂ ಒಂದು ಎಸ್‌ಎಂಎಸ್‌ನ ಹಾಗೆಯೇ ಬರುವಂಥದ್ದು, ಮೋಡೆಮ್ ಸಿಗದಿದ್ದರೆ ಅದೂ ತಡವಾಗಬಹುದು.

ವರದಿ ಹೀಗೆ ಕಾಣುತ್ತದೆ. ಟ್ಯಾಂಕರ್‌ನವರ ಆ ಮೆಸೇಜಿಗೆ ವರದಿ ಕೇಳಿದ್ದರೆ ಬರುತ್ತಿದ್ದುದು ಇಂಥದ್ದು:

+ಸಿಡಿಎಸ್: 6,41,"ನಂಬರು",145,"25/08/12,23:40:07+22","25/08/13,01:50:31+22",0

41 ಎನ್ನುವುದು ಮೆಸೇಜಿನ ಕ್ರಮಸಂಖ್ಯೆ, ಕಳಿಸುವಾಗ ಮೋಡೆಮ್ +ಸಿಎಂಜಿಎಸ್ ಎಂದು ಉತ್ತರಿಸಿ ಕೊಟ್ಟ ಅಂಕಿಯೇ ಇದು. ಮೊದಲ ಹೊತ್ತು ಎಸ್‌ಎಂಎಸ್‌ಸಿ ಮೆಸೇಜನ್ನು ತೆಗೆದುಕೊಂಡದ್ದು, ಎರಡನೆಯದು ಮೆಸೇಜಿನ ಕಥೆ ಮುಗಿದದ್ದು. +22 ನಮ್ಮ ಕಾಲವಲಯ, ಕಾಲು ಗಂಟೆಗಳ ಲೆಕ್ಕದಲ್ಲಿ: 22 ಕಾಲು ಅಂದರೆ 5 ಗಂಟೆ 30 ನಿಮಿಷ. ಕೊನೆಯ ಅಂಕಿ ಮುಖ್ಯ. 0 ಎಂದರೆ ತಲುಪಿತು. 32ರಿಂದ 63ರವರೆಗೆ ‘ಸದ್ಯ ಆಗಿಲ್ಲ, ಇನ್ನೂ ಪ್ರಯತ್ನಿಸುತ್ತಿದ್ದೇನೆ’. 64ರಿಂದ ಮೇಲಿನವು ಕೈಬಿಟ್ಟದ್ದು. 70 ಬಂದರೆ ಅವಧಿ ಮುಗಿದು ಸತ್ತಿತು. 72 ಬಂದರೆ ಕೇಂದ್ರದ ಆಡಳಿತವೇ ಅಳಿಸಿತು. ನಿಮ್ಮ ಕೋಡಿನಲ್ಲಿ ಇದನ್ನೇ ನೋಡಬೇಕು. ಕಳಿಸಿದಾಗ ಬರುವ ಓಕೆಗೆ ಬೆಲೆ ಕೊಡಬೇಡಿ, ಅದು ಕೇಂದ್ರದ ಕೈಗೆ ಸೇರಿತು ಎಂದು ಮಾತ್ರ ಹೇಳುತ್ತದೆ.

ಕುರ್ಲಾ ಬೇಸ್‌ಬ್ಯಾಂಡ್

ಒಪ್ಪಿದೆ. 33ರ ಪ್ರಯೋಗ ಮಾಡಿ ನೋಡುತ್ತೇನೆ. ಒಂದು ಸೇರಿಸುತ್ತೇನೆ: ಹಳೇ ನೋಕಿಯಾ ಫೋನ್‌ಗಳಲ್ಲಿ ಮೆಸೇಜ್ ಸೆಟ್ಟಿಂಗ್‌ನಲ್ಲೇ ಈ ಅವಧಿ ಆರಿಸಿಕೊಳ್ಳಬಹುದಿತ್ತು, 1 ಗಂಟೆಯಿಂದ ವಾರದವರೆಗೆ, ಕೊನೆಗೆ ‘ಗರಿಷ್ಠ’. ಈಗಿನ ಆಂಡ್ರಾಯ್ಡ್ ಮೆಸೇಜ್ ಆ್ಯಪ್‌ಗಳಲ್ಲಿ ಆ ಆಯ್ಕೆ ಕಾಣುವುದೇ ಇಲ್ಲ. ಉಪಯೋಗಕ್ಕೆ ಬರುವ ಒಂದು ಗುಂಡಿಯನ್ನು ಕಿತ್ತು ಹಾಕಿದ್ದಾರೆ ಅನ್ನುವುದು ನನ್ನ ಅಭಿಪ್ರಾಯ.

ಡೊಂಬಿವಲಿ ಗೇಟ್‌ವೇ

ಮೋಡೆಮ್ ಬಿಟ್ಟು ಎಸ್‌ಎಂಪಿಪಿ (ಸರ್ವರ್‌ನಿಂದ ನೇರ ಎಸ್‌ಎಂಎಸ್ ಒಪ್ಪಿಸುವ ವಿಧಾನ) ಮೂಲಕ ಕಳಿಸುವವರೂ ಇಲ್ಲಿ ಓದುತ್ತಿರಬಹುದು, ಅವರಿಗಾಗಿ ಬರೆಯುತ್ತಿದ್ದೇನೆ. ಒಟಿಪಿ ತಡವಾಗುವ ದೂರುಗಳಲ್ಲಿ ದೊಡ್ಡ ಪಾಲು ಅವಧಿಯನ್ನೇ ಬರೆಯದೆ ಬಿಟ್ಟದ್ದರಿಂದ ಹುಟ್ಟುತ್ತದೆ. ಒಟಿಪಿಗೆ 5 ನಿಮಿಷ ಅಂತ ಆ್ಯಪ್ ಹೇಳುತ್ತದೆ, ಸಂದೇಶದ ವ್ಯಾಲಿಡಿಟಿ ಜಾಗ ಖಾಲಿ. ಗ್ರಾಹಕ ಲೋಕಲ್ ರೈಲಿನಲ್ಲಿ ಮೂರು ಸಲ ‘ಮತ್ತೆ ಕಳಿಸಿ’ ಒತ್ತುತ್ತಾನೆ. ಸಿಗ್ನಲ್ ಬಂದಾಗ ಮೂರೂ ಬೀಳುತ್ತವೆ, ಕಳಿಸಿದ ಕ್ರಮದಲ್ಲೇ ಬೀಳುತ್ತವೆ ಎಂಬ ಖಾತ್ರಿ ಇಲ್ಲ. ಹಳೆಯದನ್ನು ಟೈಪ್ ಮಾಡುತ್ತಾನೆ, ಖಾತೆ ಲಾಕ್ ಆಗುತ್ತದೆ.

ಎಸ್‌ಎಂಪಿಪಿ 3.4ರಲ್ಲಿ ಅವಧಿ 16 ಅಕ್ಷರದ್ದು: ವರ್ಷ, ತಿಂಗಳು, ದಿನ, ಗಂಟೆ, ನಿಮಿಷ, ಸೆಕೆಂಡ್ ತಲಾ ಎರಡು ಅಂಕಿ, ಸೆಕೆಂಡಿನ ಹತ್ತನೇ ಭಾಗಕ್ಕೆ ಒಂದು, ಕಾಲವಲಯಕ್ಕೆ ಎರಡು, ಕೊನೆಗೆ ಒಂದು ಚಿಹ್ನೆ. ಈಗಿನಿಂದ 5 ನಿಮಿಷ ಎಂದರೆ 000000000500000 ಬರೆದು ಕೊನೆಗೆ ಇಂಗ್ಲಿಷಿನ ಆರ್ ಅಕ್ಷರ. ಇಂಥ ಗಂಟೆಯವರೆಗೆ ಎಂದರೆ, ಉದಾಹರಣೆಗೆ 2026 ಜನವರಿ 15, ಸಂಜೆ 6:30: 260115183000022+.

ಈಗ ತಪ್ಪುವ ಜಾಗಗಳು. ನಿಮ್ಮ ಸರ್ವರ್‌ನಿಂದ ಸಂದೇಶ ನೇರವಾಗಿ ಮೊಬೈಲ್ ಕಂಪನಿಗೆ ಹೋಗುವುದಿಲ್ಲ, ನಡುವೆ ಒಬ್ಬರೋ ಇಬ್ಬರೋ ಅಗ್ರಿಗೇಟರ್‌ಗಳು (ಹಲವರ ಸಂದೇಶ ಒಟ್ಟುಗೂಡಿಸಿ ಮುಂದೆ ದಾಟಿಸುವ ಮಧ್ಯವರ್ತಿಗಳು) ಇರುತ್ತಾರೆ. ‘ಈಗಿನಿಂದ 5 ನಿಮಿಷ’ ಎಂದು ಕೊಟ್ಟರೆ ಪ್ರತಿ ಹಂತದಲ್ಲೂ ಆ ‘ಈಗ’ ಹೊಸದಾಗಿ ಶುರುವಾಗಬಹುದು. ಅಗ್ರಿಗೇಟರ್ ಸಾಲಿನಲ್ಲಿ 4 ನಿಮಿಷ, ಆಮೇಲೆ ಎಸ್‌ಎಂಎಸ್‌ಸಿಯಲ್ಲಿ ಮತ್ತೆ ಪೂರ್ತಿ 5 ನಿಮಿಷ. ಹೀಗಾಗಿ ಒಟಿಪಿಗೆ ನಿಗದಿತ ಗಂಟೆಯ ರೂಪವೇ ಸರಿ, ಅದು ದಾರಿಯುದ್ದಕ್ಕೂ ಬದಲಾಗುವುದಿಲ್ಲ. ಆದರೆ ಅಲ್ಲಿ 22ನ್ನು ಮರೆತಿರೋ, ಕೆಟ್ಟಿತು. ಭಾರತೀಯ ಹೊತ್ತು ಬರೆದು 00+ ಹಾಕಿದರೆ ಸಂದೇಶ 5 ಗಂಟೆ 30 ನಿಮಿಷ ಹೆಚ್ಚು ಬದುಕುತ್ತದೆ. ಸರ್ವರ್ ಗಡಿಯಾರ ಯುಟಿಸಿಯಲ್ಲಿದ್ದು (ನಮಗಿಂತ 5 ಗಂಟೆ 30 ನಿಮಿಷ ಹಿಂದಿರುವ ಜಾಗತಿಕ ಹೊತ್ತು) ಅದಕ್ಕೆ 22+ ಅಂಟಿಸಿದರೆ ಅವಧಿ ಆಗಲೇ ಕಳೆದುಹೋದ ಹಾಗೆ ಕಾಣುತ್ತದೆ, ತಪ್ಪು ಅವಧಿ ಎನ್ನುವ ಹೆಕ್ಸ್ 62 ದೋಷ ಬರುತ್ತದೆ. ಎರಡನೆಯದು ಪರವಾಗಿಲ್ಲ, ತಕ್ಷಣ ಗೊತ್ತಾಗುತ್ತದೆ. ಮೊದಲನೆಯದು ತಿಂಗಳುಗಟ್ಟಲೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಶೆಡ್ಯೂಲ್ ಮಾಡಿ ಕಳಿಸುವಾಗಲೂ ಇದೇ ಎಚ್ಚರ. ಸಂಜೆ 6ಕ್ಕೆ ಹೋಗಬೇಕಾದ ಸಂದೇಶವನ್ನು ಮಧ್ಯಾಹ್ನ 12ಕ್ಕೆ ಒಪ್ಪಿಸಿ ‘ಈಗಿನಿಂದ 1 ಗಂಟೆ’ ವ್ಯಾಲಿಡಿಟಿ ಕೊಟ್ಟರೆ, ಎಸ್‌ಎಂಎಸ್‌ಸಿ ಲೆಕ್ಕ ಹಾಕುವುದು ತಾನು ಪಡೆದ ಹೊತ್ತಿನಿಂದ. ಹೊರಡುವ ಮೊದಲೇ ಅವಧಿ ಮುಗಿದಿರುತ್ತದೆ.

ಕಳಿಸಿದ್ದಕ್ಕೆ ಬಂದ ಉತ್ತರದಲ್ಲಿ ಹೆಕ್ಸ್ 58 ಕಂಡರೆ ನಿಮ್ಮ ವೇಗ ಮಿತಿ ಮೀರಿದೆ, 14 ಕಂಡರೆ ಅವರ ಸಾಲು ತುಂಬಿದೆ. ಎರಡಕ್ಕೂ ತಕ್ಷಣ ಮತ್ತೆ ಮತ್ತೆ ಹೊಡೆಯಬೇಡಿ, ಅಂತರ ಹೆಚ್ಚಿಸುತ್ತಾ ಹೋಗಿ. ಹಾಗೆ ಕಾಯುವಷ್ಟರಲ್ಲಿ ಒಟಿಪಿಯ ಸಮಯ ಕಳೆದಿದ್ದರೆ ಕಳಿಸಲೇಬೇಡಿ.

ಒಟಿಪಿ ಮತ್ತೆ ಕೇಳಿದರೆ ಅವಧಿ ಮುಗಿಯುವವರೆಗೂ ಅದೇ ಅಂಕಿಯನ್ನು ಕಳಿಸಿ. ಆಗ ಯಾವ ಕ್ರಮದಲ್ಲಿ ಬಂದರೂ ಗ್ರಾಹಕನಿಗೆ ತೊಂದರೆ ಇಲ್ಲ. ಡಿಎಲ್‌ಟಿಯಲ್ಲಿ (ವಾಣಿಜ್ಯ ಎಸ್‌ಎಂಎಸ್‌ಗಳ ಮಾದರಿಯನ್ನು ಮೊದಲೇ ನೋಂದಾಯಿಸುವ ವ್ಯವಸ್ಥೆ) ಟೆಂಪ್ಲೇಟ್ ನೋಂದಾಯಿಸುವಾಗ ಹೊತ್ತು ತುಂಬಲು ಒಂದು ಜಾಗ ಬಿಟ್ಟುಕೊಂಡಿರಿ, ‘18:25ರವರೆಗೆ ಮಾನ್ಯ’ ಎಂದು ಸಂದೇಶದೊಳಗೇ ಇರಲಿ. ನೋಂದಾಯಿಸಿದ ಟೆಂಪ್ಲೇಟಿಗೆ ಒಂದು ಪದ ಹೊಂದದಿದ್ದರೂ ಸಂದೇಶ ತಡವಾಗುವುದಲ್ಲ, ಅಲ್ಲೇ ಬಿದ್ದುಹೋಗುತ್ತದೆ. ದೂರಸಂಪರ್ಕ ನಿಯಂತ್ರಕ ಟ್ರಾಯ್‌ನ 2018ರ ನಿಯಮದ ನಂತರ ಇದು ಕಡ್ಡಾಯ.

ಸಾಂತಾಕ್ರೂಜ್ ಓದುಗ

ಕಳಿಸುವವರ ಮಾತಾಯ್ತು. ಒಟಿಪಿ ತಡವಾದಾಗ ತಪ್ಪು ಬ್ಯಾಂಕ್ ಕಡೆಯದೋ ನನ್ನ ಫೋನ್ ಕಡೆಯದೋ ಎಂದು ನನ್ನಂಥವರು ತಿಳಿಯುವುದು ಹೇಗೆ?

ಡೊಂಬಿವಲಿ ಗೇಟ್‌ವೇ

ಗೂಗಲ್ ಮೆಸೇಜಸ್‌ನಲ್ಲಿ ಆ ಸಂದೇಶದ ಮೇಲೆ ಒತ್ತಿ ಹಿಡಿಯಿರಿ, ಮೂರು ಚುಕ್ಕಿಯಲ್ಲಿ ವಿವರಗಳನ್ನು ತೆರೆಯಿರಿ. ಕಳುಹಿಸಿದ ಹೊತ್ತು, ಸ್ವೀಕರಿಸಿದ ಹೊತ್ತು ಎರಡೂ ಇರುತ್ತವೆ. ಕಳುಹಿಸಿದ ಹೊತ್ತು ಎಸ್‌ಎಂಎಸ್‌ಸಿ ಹಾಕಿದ ಮುದ್ರೆ, ಬ್ಯಾಂಕ್ ಸರ್ವರ್‌ನದ್ದಲ್ಲ. ಎರಡರ ನಡುವೆ ದೊಡ್ಡ ಅಂತರ ಇದ್ದರೆ ಸಂದೇಶ ಎಸ್‌ಎಂಎಸ್‌ಸಿಯಲ್ಲಿ ನಿಮ್ಮ ಫೋನಿಗಾಗಿ ಕಾದಿದೆ: ಸಿಗ್ನಲ್, ತುಂಬಿದ ಮೆಮೊರಿ, ಇಲ್ಲವೇ ಹಾಜರಿ ಹಾಕದ ಫೋನ್. ಎರಡೂ ಒಂದೇ ಆಗಿದ್ದು, ನೀವು ಗುಂಡಿ ಒತ್ತಿದ್ದು ಅದಕ್ಕಿಂತ ಬಹಳ ಮೊದಲಾಗಿದ್ದರೆ ತಡ ಆದದ್ದು ಬ್ಯಾಂಕಿನಲ್ಲಿ ಅಥವಾ ಅಗ್ರಿಗೇಟರ್‌ನಲ್ಲಿ, ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ನಿಮ್ಮ ಸಿಮ್ ಬದಲಿಸುವುದರಿಂದ ಏನೂ ಆಗದು.

ಹಾಗೇ, ಸಿಮ್ ಬದಲಿಸಿದರೆ ಆ ಹೊಸ ಸಿಮ್ ಚಾಲೂ ಆದ ಮೇಲೆ 24 ಗಂಟೆ ಎಸ್‌ಎಂಎಸ್ ಬರುವುದೂ ಇಲ್ಲ, ಹೋಗುವುದೂ ಇಲ್ಲ. ವಂಚನೆ ತಡೆಯಲು ದೂರಸಂಪರ್ಕ ಇಲಾಖೆ ಹಾಕಿದ ನಿರ್ಬಂಧ ಅದು. ಆ ಹೊತ್ತಿನ ಒಟಿಪಿಗಳು ಮರುದಿನ ಬರುತ್ತವೆ ಎಂದು ಕಾಯಬೇಡಿ. ಫೋನ್ ಸಿಗದೆ ಹೋಗುವುದಕ್ಕೂ ಸೇವೆಯೇ ತಡೆಹಿಡಿದಿರುವುದಕ್ಕೂ ವ್ಯತ್ಯಾಸ ಇದೆ. ಎರಡನೆಯದನ್ನು ಎಸ್‌ಎಂಎಸ್‌ಸಿ ಸಾಮಾನ್ಯವಾಗಿ ಶಾಶ್ವತ ದೋಷ ಎಂದೇ ತೆಗೆದುಕೊಂಡು ಕೈಬಿಡುತ್ತದೆ.

ಮಡಗಾಂವ್ ಹಳಿ

ಗೋವಾದಲ್ಲಿ ಕರ್ನಾಟಕದ ಸಿಮ್ ಇಟ್ಟುಕೊಂಡವರು ತುಂಬಾ ಜನ. ‘ರೋಮಿಂಗ್ ಇರೋದಕ್ಕೇ ಮೆಸೇಜ್ ಲೇಟು’ ಅಂತ ಹೇಳುವುದನ್ನು ಕೇಳಿದ್ದೇನೆ. ಅದು ಕಾರಣ ಅಲ್ಲ. ನೀವು ಕಳಿಸುವ ಮೆಸೇಜ್ ಸಿಮ್‌ನಲ್ಲಿ ಬರೆದಿಟ್ಟ ನಿಮ್ಮ ತವರು ಎಸ್‌ಎಂಎಸ್‌ಸಿಗೇ ಹೋಗುತ್ತೆ, ವಾಸ್ಕೋದಲ್ಲಿದ್ದರೂ ಧಾರವಾಡದಲ್ಲಿದ್ದರೂ. ಬರುವ ಮೆಸೇಜ್‌ಗೆ ಎಚ್‌ಎಲ್‌ಆರ್ ಈಗಿನ ಎಂಎಸ್‌ಸಿಯ ವಿಳಾಸ ಕೊಡುತ್ತೆ, ಅಷ್ಟೇ ವ್ಯತ್ಯಾಸ. ನಿಜವಾದ ತಡ ಕುಲೇಮ್‌ನಿಂದ ಕ್ಯಾಸಲ್‌ರಾಕ್ ನಡುವಿನ ಘಾಟಿ, ಚೋರ್ಲಾ ಘಾಟಿ, ಕೊಂಕಣ ರೈಲ್ವೆಯ ಸುರಂಗಗಳಲ್ಲಿ. ರತ್ನಾಗಿರಿ ಹತ್ತಿರದ ಕರ್ಬುಡೆ ಸುರಂಗ ಒಂದೇ ಆರೂವರೆ ಕಿಲೋಮೀಟರ್. ರೈಲಿನಲ್ಲಿ ಒಂದು ಅನುಕೂಲ ಏನಂದರೆ ಏರಿಯಾ ಬದಲಾಗುತ್ತಾ ಹೋಗುವುದರಿಂದ ಫೋನ್ ತಾನಾಗಿ ಹಾಜರಿ ಹಾಕುತ್ತೆ, ತಡೆದ ಮೆಸೇಜ್ ಬೇಗ ಬಂದುಬಿಡುತ್ತೆ. ಮೇಲೆ ಹೇಳಿದ ನೆಲಮಾಳಿಗೆಯ ಫೋನ್‌ಗಿಂತ ಸುರಂಗ ದಾಟಿದ ಫೋನ್ ವಾಸಿ.

ಮೆಸೇಜ್ ಹೋಗುವುದೇ ಇಲ್ಲ ಅಂದರೆ ಎಸ್‌ಎಂಎಸ್‌ಸಿ ನಂಬರ್ ಅಳಿಸಿದೆಯಾ ನೋಡಿ. ಮೋಡೆಮ್‌ನಲ್ಲಿ ಎಟಿ+ಸಿಎಸ್‌ಸಿಎ? ಕೇಳಿ, ಖಾಲಿ ಇದ್ದರೆ ಮೆಸೇಜ್ ಕಳಿಸುವಾಗ ಸಿಎಂಎಸ್ ಎರರ್ 330 ಬರುತ್ತೆ. 331 ನೆಟ್‌ವರ್ಕ್ ಇಲ್ಲ, 332 ನೆಟ್‌ವರ್ಕ್ ಉತ್ತರಿಸಲಿಲ್ಲ, 322 ಮೆಮೊರಿ ತುಂಬಿದೆ. ಹಲವು ಆಂಡ್ರಾಯ್ಡ್‌ಗಳಲ್ಲಿ *#*#4636#*#* ಒತ್ತಿದರೆ ಫೋನ್ ಮಾಹಿತಿಯ ಪುಟದ ಕೊನೆಯಲ್ಲಿ ಎಸ್‌ಎಂಎಸ್‌ಸಿ ಸಿಗುತ್ತೆ.

ಇನ್ನೊಂದು ಮಾತು, ಮಳೆಗಾಲಕ್ಕೆ. ಪ್ರವಾಹದ ಎಚ್ಚರಿಕೆಗೆ ಎಸ್‌ಎಂಎಸ್ ನಂಬಬಾರದು ಅನ್ನುವುದು ಇದಕ್ಕೇ. ಒಂದೊಂದು ಫೋನನ್ನೂ ಹುಡುಕಿ ಕೊಡುವಷ್ಟರಲ್ಲಿ ನೀರು ಬಂದಿರುತ್ತೆ. 2023ರಲ್ಲಿ ಎಲ್ಲರ ಫೋನ್ ಒಮ್ಮೆಗೇ ಜೋರಾಗಿ ಕೂಗಿದ ಪರೀಕ್ಷೆ ನೆನಪಿದೆಯಲ್ಲ, ಅದು ಸೆಲ್ ಬ್ರಾಡ್‌ಕಾಸ್ಟ್. ಟವರ್ ಸುತ್ತಲಿನ ಎಲ್ಲರಿಗೂ ಒಟ್ಟಿಗೆ ಸಾರುತ್ತೆ, ಯಾರಿಗೂ ಅಂತ ಇಟ್ಟುಕೊಂಡು ಕಾಯುವುದಿಲ್ಲ.

ವಾಕಡ್ ನೀರು ಸಮಿತಿ

ಒಂದು ಉಳಿದಿದೆ. ಅದೇ ಮೋಡೆಮ್‌ಗೆ ‘ಪಂಪ್ ಆನ್’, ‘ಪಂಪ್ ಆಫ್’ ಅಂತ ಎಸ್‌ಎಂಎಸ್ ಆದೇಶ ಕೊಡುವ ಹಾಗೆ ಇದೆ. ಕಮಿಟಿಯವರು ತಮ್ಮ ಫೋನ್‌ನಿಂದ ಕಳಿಸ್ತಾರೆ. ಅಲ್ಲಿ ವ್ಯಾಲಿಡಿಟಿ ಹಾಕೋಕೆ ಆಗಲ್ಲ. ಕರೆಂಟ್ ಹೋಗಿ ಮೋಡೆಮ್ ಆಫ್ ಆಗಿದ್ದಾಗ ಕಳಿಸಿದ ‘ಆನ್’ ಎಷ್ಟೋ ಹೊತ್ತಿನ ಮೇಲೆ ಬಂದರೆ?

ಮಾಟುಂಗಾ ಮೋಡೆಮ್

ಇದು ಟ್ಯಾಂಕರ್‌ಗಿಂತ ಅಪಾಯದ್ದು, ಒಣ ಸಂಪ್‌ನಲ್ಲಿ ಪಂಪ್ ಓಡಿದರೆ ಸೀಲ್ ಸುಟ್ಟುಹೋಗುತ್ತದೆ. ಇವತ್ತೇ ಸರಿಮಾಡಿ.

ಕಳಿಸುವವರು ಕೊಟ್ಟ ವ್ಯಾಲಿಡಿಟಿ ತಲುಪುವ ಮೆಸೇಜಿನಲ್ಲಿ ಇರುವುದೇ ಇಲ್ಲ. ಅದು ಎಸ್‌ಎಂಎಸ್‌ಸಿಯಲ್ಲೇ ಉಳಿದುಬಿಡುತ್ತದೆ. ಆದ್ದರಿಂದ ಹಳೆಯದೋ ಹೊಸದೋ ಎಂದು ತೀರ್ಮಾನಿಸುವ ಕೆಲಸ ನಿಮ್ಮ ಕೋಡಿನದ್ದು. ಎಟಿ+ಸಿಎಂಜಿಆರ್ ಕೊಟ್ಟಾಗ ಮೆಸೇಜಿನ ಜೊತೆ ಎಸ್‌ಎಂಎಸ್‌ಸಿ ಮುದ್ರೆಯ ಹೊತ್ತು ಬರುತ್ತದೆ. ಎಟಿ+ಸಿಎಲ್‌ಟಿಎಸ್=1 ಹಾಕಿ ಸೇವ್ ಮಾಡಿ (ಎಟಿ&ಡಬ್ಲ್ಯೂ), ಮೋಡೆಮ್ ಮರುಚಾಲೂ ಮಾಡಿ, ಆಗ ಮೋಡೆಮ್ ಗಡಿಯಾರ ನೆಟ್‌ವರ್ಕ್‌ನಿಂದ ಸರಿಹೊಂದುತ್ತದೆ. ಎಟಿ+ಸಿಸಿಎಲ್‌ಕೆ? ಕೇಳಿದಾಗ ಮೋಡೆಮ್ ತೋರಿಸುವ ಹೊತ್ತಿನಿಂದ ಮೆಸೇಜಿನ ಹೊತ್ತು ಕಳೆಯಿರಿ. 10 ನಿಮಿಷ ಮೀರಿದ್ದರೆ ಆದೇಶ ಪಾಲಿಸಬೇಡಿ, ‘ಹಳೆಯ ಆದೇಶ, ಬಿಟ್ಟಿದೆ’ ಎಂದು ಮರುಉತ್ತರ ಕೊಡಿ. ಮೋಡೆಮ್‌ಗೆ ಇನ್ನೂ ಹೊತ್ತು ಸಿಕ್ಕಿರದಿದ್ದರೆ ಗಡಿಯಾರ ಹಳೇ ವರ್ಷ ತೋರಿಸುತ್ತದೆ, ಆಗಲೂ ಪಾಲಿಸಬೇಡಿ.

ಒಂದೇ ಆದೇಶ ಎರಡು ಸಲ ಬರುವುದೂ ಉಂಟು. ಮೆಸೇಜ್ ತಲುಪಿ, ‘ಸಿಕ್ಕಿತು’ ಎನ್ನುವ ಉತ್ತರ ದಾರಿಯಲ್ಲಿ ಕಳೆದರೆ ಎಸ್‌ಎಂಎಸ್‌ಸಿ ಮತ್ತೆ ಕಳಿಸುತ್ತದೆ. ಎರಡರ ಮುದ್ರೆಯ ಹೊತ್ತು ಒಂದೇ ಆಗಿರುತ್ತದೆ, ನಂಬರೂ ಪಠ್ಯವೂ ಒಂದೇ. ಅಂಥದ್ದನ್ನು ಒಂದೇ ಎಂದು ಲೆಕ್ಕ ಹಾಕಿ. ‘ಪಂಪ್ ಬದಲಿಸು’ ಎನ್ನುವಂಥ, ಪ್ರತಿ ಸಲ ತಿರುಗಿಸುವ ಆದೇಶ ಇಡಲೇಬೇಡಿ.

ಓದಿದ ಮೆಸೇಜುಗಳನ್ನು ಎಟಿ+ಸಿಎಂಜಿಡಿ=1,4 ಕೊಟ್ಟು ಅಳಿಸುತ್ತಿರಿ, ಅದು ಎಲ್ಲವನ್ನೂ ಅಳಿಸುತ್ತದೆ ಎಂಬುದು ನೆನಪಿರಲಿ. ಸಿಮ್‌ನ ಜಾಗ ಸಣ್ಣದು, ಕಂಪನಿಯ ಜಾಹೀರಾತು ಮೆಸೇಜುಗಳೇ ಅದನ್ನು ತುಂಬಿಸುತ್ತವೆ. ತುಂಬಿದರೆ ಎಚ್‌ಎಲ್‌ಆರ್‌ನಲ್ಲಿ ‘ಮೆಮೊರಿ ತುಂಬಿದೆ’ ಗುರುತು ಬಿದ್ದು ಆದೇಶಗಳು ಹೊರಗೇ ನಿಲ್ಲುತ್ತವೆ. ಎಟಿ+ಸಿಪಿಎಂಎಸ್? ಎಷ್ಟು ತುಂಬಿದೆ ಎಂದು ಹೇಳುತ್ತದೆ.

ಕೊನೆಗೆ ನಿಮ್ಮ ಕನ್ನಡ ಅಲರ್ಟ್. ಕನ್ನಡಕ್ಕೆ 70 ಅಕ್ಷರ, ಆದರೆ ಕಣ್ಣಿಗೆ ಕಾಣುವ ಅಕ್ಷರ ಅಲ್ಲ. ‘ಟ್ಯಾಂಕರ್’ ನೋಡಲು ಮೂರು ಅಕ್ಷರ, ಲೆಕ್ಕಕ್ಕೆ 8: ಟ, ಹಲಂತ, ಯ, ದೀರ್ಘ, ಸೊನ್ನೆ, ಕ, ರ, ಹಲಂತ. 70 ಮೀರಿ ತುಂಡು ಮಾಡಿದರೆ ಒಂದೊಂದಕ್ಕೆ 67, ಪ್ರತಿ ತುಂಡೂ ಬೇರೆ ಮೆಸೇಜಿನಂತೆಯೇ ಪ್ರಯಾಣಿಸುತ್ತದೆ, ಬೇರೆಯಾಗಿಯೇ ಸಾಯುತ್ತದೆ. 30 ನಿಮಿಷದಲ್ಲಿ ಒಂದು ತುಂಡು ತಲುಪಿ ಇನ್ನೊಂದರ ಅವಧಿ ಮುಗಿದರೆ ಕೆಲವು ಫೋನ್ ಏನನ್ನೂ ತೋರಿಸುವುದಿಲ್ಲ. ‘ಸಂಪ್ 20. ಟ್ಯಾಂಕರ್ ಕರೆಸಿ. 23:40’ ಇಷ್ಟೇ ಸಾಕು, ಒಂದೇ ಮೆಸೇಜಿನಲ್ಲಿ ಹಿಡಿಯುತ್ತದೆ, ಹೊತ್ತೂ ಒಳಗೇ ಇದೆ.

ವಾಕಡ್ ನೀರು ಸಮಿತಿ

ಎಲ್ಲರಿಗೂ ಮನಸಾರೆ ಧನ್ಯವಾದ. ಎರಡೂ ಸಾಲಿಗೆ 49,5 ಹಾಕಿದೆ, ಕನ್ನಡ ಮೆಸೇಜ್ ನೀವು ಬರೆದ ಹಾಗೇ ಚಿಕ್ಕದು ಮಾಡಿದೆ. ವಾಚ್‌ಮನ್ ಫೋನ್ ಸ್ವಿಚ್ ಆಫ್ ಇಟ್ಟು ಪರೀಕ್ಷೆ ಮಾಡಿದಾಗ 31ನೇ ನಿಮಿಷಕ್ಕೆ 70 ಬಂತು, ಆಮೇಲೆ ಫೋನ್ ಆನ್ ಮಾಡಿದರೆ ಏನೂ ಬರಲಿಲ್ಲ. ಕಳಿಸಿದ 3 ನಿಮಿಷದಲ್ಲಿ 0 ಬರದಿದ್ದರೆ ಮೋಡೆಮ್ ಕಾಲ್ ಮಾಡುವ ಹಾಗೆ ಬರೆದಿದ್ದೇನೆ. ಪಂಪ್ ರೂಮಿನ ಬಜರ್‌ಗೆ ತಂತಿ ಎಳೆಯೋದು ಈ ಭಾನುವಾರ.

ಘಾಟಿನ ಟವರ್

ಬಜರ್ ತಂತಿ ಪಂಪಿನ ಪವರ್ ಕೇಬಲ್ ಜೋಡಿ ಒಂದೇ ಪೈಪಿನ್ಯಾಗ ಎಳೀಬ್ಯಾಡ್ರಿ. ಮೋಟರ್ ಚಾಲೂ ಆದಾಗೊಮ್ಮೆ ಸುಳ್ಳು ಗಂಟಿ ಬಾರಸತೈತಿ. ಬ್ಯಾರೆ ಪೈಪ್ ಹಾಕ್ರಿ.